ಸೀಮೆಬದನೆಯ ಊರು

ಚೆನ್ನೈನ ಮಾರುಕಟ್ಟೆಯಲ್ಲಿ ಸೀಮೆಬದನೆಕಾಯಿ ಬೇಕಿದ್ದರೆ ‘ಬೆಂಗಳೂರು ಕತ್ತರಿಕ್ಕಾಯ್’ ಎಂದೂ ಕೇಳಬಹುದು. ತೆಲುಗರಿಗೆ ಅದು ‘ಬೆಂಗಳೂರು ವಂಕಾಯ’. ಬೆಂಗಳೂರಿನವರು ಮಾತ್ರ ಅದು ತಮ್ಮದಲ್ಲ, ಪರಸೀಮೆಯದು ಎಂದು ಹೆಸರಿನಲ್ಲೇ ಒಪ್ಪಿಕೊಂಡಿದ್ದಾರೆ. ನಿಜವೂ ಅದೇ. ಈ ಬಳ್ಳಿಯ ತವರು ಮೆಕ್ಸಿಕೊ ಕಡೆಯ ನಾಡು. ಅದನ್ನು ಇಲ್ಲಿ ಬೇರೂರಿಸಿದವರು 1874ರಲ್ಲಿ ಲಾಲ್‌ಬಾಗಿನ ಉಸ್ತುವಾರಿ ವಹಿಸಿಕೊಂಡ ಜಾನ್ ಕ್ಯಾಮರನ್.

ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಫಲಪುಷ್ಪ ಪ್ರದರ್ಶನಕ್ಕೆ ಮುಗಿಬೀಳುವ ಇಂದಿನ ಜನರಿಗೆ ಅದು ಹೂವಿನ ತೋಟ. ಕ್ಯಾಮರನ್ ಕಾಲಕ್ಕೆ ಅದು ಹೊರಗಿನ ಬೆಳೆಗಳಿಗೆ ಇಲ್ಲಿನ ಮಣ್ಣು, ಹವೆ ಒಗ್ಗುತ್ತವೆಯೇ ಎಂದು ಪರೀಕ್ಷಿಸುವ ಜಾಗವೂ ಆಗಿತ್ತು.

ಬೀಜ ಬಂದ ಮಾತ್ರಕ್ಕೆ ತರಕಾರಿಯಾಗದು. ನೀರು ಬೇಕು, ಪಳಗಿದ ಕೈ ಬೇಕು. ಬೆಂಗಳೂರಿನಲ್ಲಿ ಆ ಕೈ ಬಹುಪಾಲು ತಿಗಳರದು. ತೋಟಗಾರಿಕೆಯನ್ನೇ ಕುಲಕಸುಬಾಗಿ ನಡೆಸಿಕೊಂಡು ಬಂದ ಈ ಸಮುದಾಯ ಊರಿನ ಕೆರೆ-ಬಾವಿಗಳನ್ನು ನಂಬಿ ಸೊಪ್ಪು, ತರಕಾರಿ, ಹೂವು ಬೆಳೆಯಿತು. ಸಂಪಂಗಿ ಕೆರೆಯ ಆಸುಪಾಸಿನಲ್ಲಿ ಅವರ ತೋಟಗಳಿದ್ದವು. ಬೆಳಗಿನ ಜಾವ ಕಿತ್ತ ಸೊಪ್ಪು ಹೊತ್ತೇರುವ ಮೊದಲೇ ಪೇಟೆ ಸೇರುವಷ್ಟು ಹತ್ತಿರವಿದ್ದ ಹೊಲಗಳು ಅವು. ‘ಸ್ಥಳೀಯ ಆಹಾರ’ ಎಂಬ ಮಾತು ಆಗ ಯಾರಿಗೂ ಬೇಕಿರಲಿಲ್ಲ.

ಊರು ಬೆಳೆದಂತೆ ಕೆರೆಗಳು ಕರಗಿದವು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ತೋಟಗಳು ಹೊರವಲಯಕ್ಕೆ, ಅಲ್ಲಿಂದ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಸರಿದವು. ಬೆಳೆಯುವವನಿಗೂ ಉಣ್ಣುವವನಿಗೂ ನಡುವೆ ಉಂಟಾದ ಅಂತರದಲ್ಲಿ ದಲ್ಲಾಳಿಗೆ ಜಾಗ ಸಿಕ್ಕಿತು.

ಆ ಅಂತರಕ್ಕೆ ಉತ್ತರ ಹುಡುಕಿದವರು ತೋಟಗಾರಿಕಾ ತಜ್ಞ ಎಂ.ಎಚ್. ಮರಿಗೌಡರು. ಶುರುವಾದದ್ದು ದ್ರಾಕ್ಷಿಯಿಂದ. ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ಕೊಳೆಯುವ ಭಯಕ್ಕೆ ರೈತ ದಲ್ಲಾಳಿ ಕೇಳಿದ ಬೆಲೆಗೆ ಕೊಟ್ಟು ಹೋಗಬೇಕು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಎಲ್ಲ ಹಣ್ಣು-ತರಕಾರಿಗಳಿಗೂ ಬಾಗಿಲು ತೆರೆಯಿತು. ಅದೇ ಇಂದಿನ ಹಾಪ್‌ಕಾಮ್ಸ್. ಸದಸ್ಯ ರೈತ ಖರೀದಿ ಕೇಂದ್ರಕ್ಕೆ ಮಾಲು ತಂದು ತೂಗಿಸುತ್ತಾನೆ, ದಿನದ ಬೆಲೆ ಪಡೆಯುತ್ತಾನೆ; ಬಡಾವಣೆಯ ಮಳಿಗೆಯಲ್ಲಿ ಗಿರಾಕಿ ಬೋರ್ಡಿನ ದರ ಓದಿ ಕೊಳ್ಳುತ್ತಾನೆ. ಚೌಕಾಶಿಯಿಲ್ಲ. ಈಗ ಸೂಪರ್ ಮಾರ್ಕೆಟ್ಟುಗಳು, ಮೊಬೈಲಿನಲ್ಲಿ ತರಕಾರಿ ತರಿಸುವ ಕಂಪನಿಗಳು ಆ ಮಳಿಗೆಗಳಿಗೆ ಪೈಪೋಟಿ ಕೊಡುತ್ತಿವೆ.

ಇತ್ತ ನಗರದಲ್ಲಿ ತೋಟ ಮಾಡಲು ನೆಲ ಸಿಗದವರು ತಾರಸಿ ಹತ್ತಿದರು. 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಮೇಳದಲ್ಲಿ ಬೀಜ, ಗೊಬ್ಬರ, ಕುಂಡಗಳ ಸುತ್ತ ನಗರದ ಜನ ಸೇರತೊಡಗಿದರು. ತೋಟಗಳ ಮೇಲೆ ಮನೆ ಕಟ್ಟಿದ ಊರು ಮನೆಗಳ ಮೇಲೆ ತೋಟ ಕಟ್ಟಲು ಹೊರಟಿದೆ. ಕುಂಡದ ಮೆಂತ್ಯ, ಹರಿವೆ ಒಂದು ಹೊತ್ತಿನ ಸಾರಿಗಾದೀತು; ಊರಿಗೆಲ್ಲ ಉಣಿಸಲು ಕೆರೆಯ ನೀರು, ಹೊಲದ ಮಣ್ಣೇ ಬೇಕು.

ಪ್ರತಿ ವರ್ಷ ಕರಗ ಉತ್ಸವದ ಸಮಯದಲ್ಲಿ ತಿಗಳರು ಇಂದಿಗೂ ಸಂಪಂಗಿ ಕೆರೆಗೆ ಬಂದು ಪೂಜೆ ಸಲ್ಲಿಸುತ್ತಾರೆ. ಅಲ್ಲಿ ಈಗ ಉಳಿದಿರುವುದು ಕ್ರೀಡಾಂಗಣದ ಪಕ್ಕದ ಒಂದು ಪುಟ್ಟ ಕೊಳ.