ಕೆಂಪು ಹಿಮದ ಬಂಡೆಸಾಲು

ಭೂಪಟದಲ್ಲಿ ಅಚ್ಚಾದ ಹೆಸರುಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಅವುಗಳನ್ನು ಇಟ್ಟವರು ಯಾರು, ಏನನ್ನು ಕಂಡು ಇಟ್ಟರು ಎಂದು ವಿಚಾರಿಸುವುದು ಅಪರೂಪ. ಹಾಗೆ ವಿಚಾರಿಸತಕ್ಕ ಹೆಸರೊಂದು ಗ್ರೀನ್‌ಲೆಂಡಿನ ವಾಯವ್ಯ ತೀರದಲ್ಲಿದೆ.

ಬ್ಯಾಫಿನ್ ಕೊಲ್ಲಿಯ ಉತ್ತರಭಾಗದಲ್ಲಿ, 76 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿ, ಯಾರ್ಕ್ ಭೂಶಿರವು ಕಡಲಿಗೆ ಚಾಚಿಕೊಂಡಿದೆ. ಅಲ್ಲಿಯ ಕರಾವಳಿಯಲ್ಲಿ ಕಡಿದಾದ ಬಂಡೆಗಳು ಗೋಡೆಯಂತೆ ನಿಂತಿವೆ. ನಡುನಡುವೆ ಹಿಮನದಿಗಳು ಸಮುದ್ರಕ್ಕೆ ಇಳಿಯುತ್ತವೆ. ಚಳಿಗಾಲದಲ್ಲಿ ಹಲವು ವಾರ ಇಲ್ಲಿ ಸೂರ್ಯನು ಮೂಡುವುದಿಲ್ಲ. ಬೇಸಗೆಯಲ್ಲಿ ಹಲವು ವಾರ ಮುಳುಗುವುದಿಲ್ಲ.

ಅಮೆರಿಕ ಖಂಡದ ಉತ್ತರಕ್ಕೆ ಪೆಸಿಫಿಕ್ ಸಾಗರವನ್ನು ಸೇರುವ ಜಲಮಾರ್ಗವನ್ನು ಅರಸುತ್ತ 1818ರಲ್ಲಿ ಬ್ರಿಟಿಷ್ ನೌಕಾಪಡೆಯ ಜಾನ್ ರಾಸ್ ‘ಇಸಬೆಲ್ಲಾ’, ‘ಅಲೆಕ್ಸಾಂಡರ್’ ಎಂಬ ಹಡಗುಗಳೊಡನೆ ಇಲ್ಲಿಗೆ ಬಂದನು. ಆಗಸ್ಟ್ ತಿಂಗಳಲ್ಲಿ ಆ ಬಂಡೆಗಳ ಮೇಲಿನ ಹಿಮವು ಬೆಳ್ಳಗಿರದೆ ಕಡುಗೆಂಪಾಗಿ ಕಾಣಿಸಿತು. ಆತನು ದೋಣಿಯಲ್ಲಿ ಜನರನ್ನು ಕಳುಹಿಸಿ ಹಿಮವನ್ನು ತರಿಸಿದನು. ಕರಗಿದ ನೀರೂ ಕೆಂಪಾಗಿತ್ತು. ಹೀಗೆ ಆ ಸಾಲಿಗೆ ‘ಕ್ರಿಮ್ಸನ್ ಕ್ಲಿಫ್ಸ್’, ಅಂದರೆ ಕಡುಗೆಂಪು ಬಂಡೆಗಳು, ಎಂಬ ಹೆಸರಾಯಿತು. ಉಲ್ಕೆಯ ಕಬ್ಬಿಣವೇ ಈ ಬಣ್ಣಕ್ಕೆ ಕಾರಣವೆಂದು ಲಂಡನ್ನಿನಲ್ಲಿ ಕೆಲವರು ಊಹಿಸಿದರು. ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಅದು ಪಾಚಿಯ ಜಾತಿಯದೆಂದು ಎಣಿಸಿದನು. ಆತನ ಎಣಿಕೆಯೇ ನಿಜವಾಯಿತು. ಅದು ಕಣ್ಣಿಗೆ ಕಾಣದಷ್ಟು ಕಿರಿದಾದ ಏಕಕೋಶದ ಪಾಚಿ; ತೀಕ್ಷ್ಣವಾದ ಬಿಸಿಲಿನಿಂದ ಅದನ್ನು ಕಾಪಾಡುವುದು ಆ ಕೆಂಪು ಬಣ್ಣವೇ.

ಅದೇ ತಿಂಗಳ ಕೊನೆಯಲ್ಲಿ ರಾಸ್ ಪಶ್ಚಿಮದ ಲ್ಯಾಂಕಾಸ್ಟರ್ ಜಲಸಂಧಿಯನ್ನು ಹೊಕ್ಕನು. ಮುಂದೆ ಪರ್ವತಗಳು ದಾರಿಯನ್ನು ಮುಚ್ಚಿದಂತೆ ತೋರಿತು. ಅವುಗಳಿಗೆ ನೌಕಾ ಇಲಾಖೆಯ ಕಾರ್ಯದರ್ಶಿ ಕ್ರೋಕರನ ಹೆಸರನ್ನಿಟ್ಟು ಹಿಂದಿರುಗಿದನು. ‘ಅಲೆಕ್ಸಾಂಡರ್’ ಹಡಗಿನ ನಾಯಕನಾಗಿದ್ದ ಪ್ಯಾರಿ 1819ರಲ್ಲಿ ಮತ್ತೆ ಹೋಗಿ, ಆ ‘ಪರ್ವತ’ಗಳಿದ್ದೆಡೆಯಲ್ಲಿಯೇ ಹಡಗನ್ನು ನಡೆಸಿದನು. ರಾಸನು ಕಂಡದ್ದು ಮರೀಚಿಕೆ!

ನಾವಿಕನೊಬ್ಬನೇ, ತಿಂಗಳೊಂದೇ. ಕೈಯಾರೆ ತಂದು ಪರೀಕ್ಷಿಸಿದುದಕ್ಕೆ ಇಟ್ಟ ಹೆಸರು ಉಳಿಯಿತು. ದೂರದಿಂದ ಕಂಡು ದೊಡ್ಡವರಿಗೆ ಅರ್ಪಿಸಿದ ಹೆಸರು ಅಳಿಯಿತು.

ಆದರೆ ಉಳಿದ ಹೆಸರೂ ಆ ನಾಡಿನ ಮೊದಲ ಹೆಸರಲ್ಲ. ಆ ತೀರದಲ್ಲಿ ಮೊದಲೇ ಜನರಿದ್ದರು. ಸ್ಕಾಟ್ಲೆಂಡಿನವನಾದ ರಾಸ್ ತನ್ನ ನಾಡಿನ ಗುಡ್ಡಗಾಡಿನವರನ್ನು ನೆನೆದು ಅವರನ್ನು ‘ಆರ್ಕ್ಟಿಕ್ ಹೈಲ್ಯಾಂಡರ್’ ಎಂದು ಕರೆದನು. ಅವರು ತಮ್ಮನ್ನು ಕರೆದುಕೊಳ್ಳುವುದು ಇನುಗ್ಹುಯಿಟ್ ಎಂದು. ಅವರ ಚೂರಿಗಳ ಅಲಗು ಆಕಾಶದಿಂದ ಬಿದ್ದ ಕಬ್ಬಿಣದ್ದಾಗಿತ್ತು. ಭೂಶಿರದ ಪೂರ್ವಕ್ಕೆ ಆ ಕಬ್ಬಿಣವಿದ್ದ ಎಡೆಗೆ ಸವಿಸ್ಸಿವಿಕ್ ಎಂದು ಹೆಸರು; ಕಬ್ಬಿಣ ದೊರೆಯುವ ತಾಣವೆಂದು ಅದರ ಅರ್ಥ. ಆ ಉಲ್ಕಾಶಿಲೆಗಳಲ್ಲಿ ಅತ್ಯಂತ ದೊಡ್ಡದನ್ನು, ಸುಮಾರು 31 ಟನ್ ತೂಕದ್ದನ್ನು, 1897ರಲ್ಲಿ ಅಮೆರಿಕದ ರಾಬರ್ಟ್ ಪಿಯರಿ ನ್ಯೂಯಾರ್ಕಿಗೆ ಸಾಗಿಸಿದನು. ಕಬ್ಬಿಣ ಹೋಯಿತು, ಹೆಸರು ಉಳಿದಿದೆ.

ದಾರಿಹೋಕನು ಕಣ್ಣಿಗೆ ಬಿದ್ದ ಬಣ್ಣವನ್ನು ಹೆಸರಿಸಿದನು. ನೆಲದವರು ಬದುಕಿಗೆ ಆಧಾರವಾದುದನ್ನು ಹೆಸರಿಸಿದರು. ಭೂಗೋಳದ ಪಾಠದಲ್ಲಿ ವಿದ್ಯಾರ್ಥಿಯು ಸ್ಥಳವನ್ನು ಬೆರಳಿಟ್ಟು ತೋರಿಸಿದರೆ ಅರ್ಧ ಕಲಿತಂತೆ. ಅಲ್ಲಿಯ ಜನರು ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿದಾಗಲೇ ಪಾಠವು ಪೂರ್ಣವಾಗುವುದು.