ನುಡಿಸದಿರಲು ಸಿಕ್ಕ ಸಂಭಾವನೆ

1778ರ ಮಾರ್ಚ್ 26ರಂದು ಜರ್ಮನಿಯ ಕಲೋನ್ ನಗರದಲ್ಲಿ ಒಂದು ಕಛೇರಿ ನಡೆಯಿತು. ನುಡಿಸಲಿರುವ ಬಾಲಕ ಬೀಥೋವನ್‌ಗೆ ಆರು ವರ್ಷ ಎಂದು ಪ್ರಕಟಣೆಯಲ್ಲಿ ಅಚ್ಚಾಗಿತ್ತು. ಹುಡುಗನಿಗೆ ಆಗಲೇ ಏಳು ತುಂಬಿತ್ತು. ಅಪ್ಪ ಯೋಹಾನ್ ಬೇಕೆಂದೇ ಒಂದು ವರ್ಷ ಇಳಿಸಿದನೋ, ಲೆಕ್ಕವೇ ತಪ್ಪಿತ್ತೋ, ಇಳಿದರೆ ಲಾಭವಿತ್ತು ಎಂಬುದಂತೂ ನಿಜ. ಯುರೋಪಿನ ಬಾಲಪ್ರತಿಭೆಗಳ ಮಾರುಕಟ್ಟೆಯಲ್ಲಿ ಸಂಗೀತದಷ್ಟೇ ವಯಸ್ಸಿಗೂ ಬೆಲೆಯಿತ್ತು.

ಈ ಮಾರುಕಟ್ಟೆಯ ದಾರಿಯನ್ನು ಚೆನ್ನಾಗಿ ಬಲ್ಲವನು ಲಿಯೊಪೋಲ್ಡ್ ಮೊಜಾರ್ಟ್. ಮಗಳು ನಾನರ್ಲ್ ಮತ್ತು ಮಗ ವೋಲ್ಫ್‌ಗಾಂಗ್‌ರನ್ನು ಗಾಡಿಯಲ್ಲಿ ಕೂರಿಸಿಕೊಂಡು 1763ರಲ್ಲಿ ಹೊರಟವನು ಊರಿಗೆ ಮರಳಿದ್ದು ಮೂರೂವರೆ ವರ್ಷದ ಮೇಲೆ. ಕೀಲಿಮಣೆಯ ಮೇಲೆ ಬಟ್ಟೆ ಹೊದಿಸಿದರೂ ಹುಡುಗ ಸಲೀಸಾಗಿ ನುಡಿಸುತ್ತಾನೆಂದು ಫ್ರಾಂಕ್‌ಫರ್ಟಿನ ಜಾಹೀರಾತು ಸಾರಿತ್ತು. ಲಂಡನ್ನಿನಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸ ಹುಡುಗನನ್ನು ಪರೀಕ್ಷಿಸಿ ಬೆರಗಾದ. ಆದರೂ ವಯಸ್ಸಿನ ಬಗ್ಗೆ ಅನುಮಾನ ಹೋಗದೆ ಜನನದ ದಾಖಲೆ ತರಿಸಿಕೊಂಡು ನೋಡಿದ. 1828ರಲ್ಲಿ ಒಂಬತ್ತನೇ ವಯಸ್ಸಿಗೆ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ವೇದಿಕೆ ಹತ್ತಿದ ಪಿಯಾನೊ ವಾದಕಿ ಕ್ಲಾರಾ ವೀಕ್‌ಳ ದಿನಚರಿಯನ್ನು ‘ನಾನು’ ಎಂದು ಅವಳ ಬಾಯಲ್ಲೇ ಬರೆಯುತ್ತಿದ್ದವನು ಅವಳ ಅಪ್ಪ.

ಹೀಗೆ ನಡೆದುಕೊಂಡು ಬಂದ ವ್ಯಾಪಾರ ಒಬ್ಬ ಹುಡುಗನ ವಿಷಯದಲ್ಲಿ ಮಾತ್ರ ನಟ್ಟನಡುವೆ ನಿಂತುಹೋಯಿತು.

ಜೋಸೆಫ್ ಹಾಫ್‌ಮನ್ ಹುಟ್ಟಿದ್ದು 1876ರ ಜನವರಿಯಲ್ಲಿ, ಕ್ರಾಕೊವ್ ನಗರಕ್ಕೆ ಅಂಟಿಕೊಂಡ ಪೊದ್‌ಗೂಝೆಯಲ್ಲಿ. ಅಪ್ಪ ಕಝಿಮಿರ್ ಸಂಗೀತ ಸಂಯೋಜಕ ಮತ್ತು ಆರ್ಕೆಸ್ಟ್ರಾ ನಿರ್ದೇಶಕ, ಅಮ್ಮ ಗಾಯಕಿ. ಏಳರ ಆಸುಪಾಸಿನಲ್ಲಿ ಅವನು ನುಡಿಸಿದ್ದನ್ನು ರಷ್ಯಾದ ಮಹಾನ್ ಪಿಯಾನೊ ವಾದಕ ಆಂಟನ್ ರುಬಿನ್‌ಸ್ಟೈನ್ ವಾರ್ಸಾದಲ್ಲಿ ಕೇಳಿ ದಂಗಾದ. ಬಾಲಪ್ರತಿಭೆಗಳೆಂದರೆ ಮೂಗು ಮುರಿಯುತ್ತಿದ್ದ ಮನುಷ್ಯ ಆತ. ತಾನೇ ಹತ್ತು ಹನ್ನೊಂದನೇ ವಯಸ್ಸಿನಲ್ಲಿ ಗುರುವಿನ ಬೆನ್ನಿಗೆ ಬಿದ್ದು ಯುರೋಪೆಲ್ಲ ಸುತ್ತಿದ್ದವನಿಗೆ ಆ ಬದುಕಿನ ಒಳಹೊರಗು ಗೊತ್ತಿತ್ತು. ಅಂಥವನ ಮೆಚ್ಚುಗೆ ಸಿಕ್ಕಿದ ಮೇಲೆ ವ್ಯವಸ್ಥಾಪಕರು ಹುಡುಗನನ್ನು ಬಿಡುವರೆ?

1887ರ ನವೆಂಬರ್ 29ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾ ಹೌಸಿನಲ್ಲಿ ಹನ್ನೊಂದರ ಹಾಫ್‌ಮನ್ ಆರ್ಕೆಸ್ಟ್ರಾದೊಂದಿಗೆ ಬೀಥೋವನ್‌ನ ಮೊದಲ ಕಾನ್ಚೆರ್ಟೊ ನುಡಿಸಿದ. ಪತ್ರಿಕೆಗಳು ಕೊಂಡಾಡಿದವು, ಟಿಕೆಟ್ಟಿಗೆ ಜನ ಮುಗಿಬಿದ್ದರು. ಮುಂದಿನ ಕೆಲವೇ ವಾರಗಳಲ್ಲಿ ಐವತ್ತರಷ್ಟು ಕಛೇರಿಗಳು ಆಗಿಹೋದವು. ವ್ಯವಸ್ಥಾಪಕ ಹೆನ್ರಿ ಆ್ಯಬಿಯ ಪಟ್ಟಿಯಲ್ಲಿ ಇನ್ನೂ ಹಲವು ಬಾಕಿ ಇದ್ದವು.

ಆಗ ಅಡ್ಡ ಬಂದದ್ದು ಮಕ್ಕಳ ಮೇಲಿನ ಕ್ರೌರ್ಯ ತಡೆಯಲು ಹುಟ್ಟಿಕೊಂಡಿದ್ದ ನ್ಯೂಯಾರ್ಕಿನ ಸಂಘ. ಕುದುರೆ, ನಾಯಿಗಳನ್ನು ಹಿಂಸೆಯಿಂದ ಕಾಯಲು ಆ ನಗರದಲ್ಲಿ 1866ರಲ್ಲೇ ಸಂಘ ಕಟ್ಟಲಾಗಿತ್ತು. ಮಕ್ಕಳಿಗಾಗಿ ಒಂದು ಸಂಘ ಬರಲು ಇನ್ನೂ ಎಂಟೊಂಬತ್ತು ವರ್ಷ ಬೇಕಾಯಿತು. ಎರಡರ ಹಿಂದೆಯೂ ಇದ್ದ ವಕೀಲ ಎಲ್ಬ್ರಿಜ್ ಗೆರಿ ರಂಗದ ಮೇಲೆ ಮಕ್ಕಳನ್ನು ದುಡಿಸುವುದರ ಕಡುವಿರೋಧಿ. ಹುಡುಗನ ಆರೋಗ್ಯ ಕೆಡುತ್ತಿದೆ ಎಂಬ ದೂರು ಊರಿನ ಚರ್ಚೆಯಾಯಿತು. ಹೊಲಿಗೆ ಯಂತ್ರದ ಸಿಂಗರ್ ಕಂಪನಿಯ ಸಂಪತ್ತಿಗೆ ವಾರಸುದಾರನಾಗಿದ್ದ ಆಲ್ಫ್ರೆಡ್ ಕಾರ್ನಿಂಗ್ ಕ್ಲಾರ್ಕ್ ಮುಂದೆ ಬಂದು 50,000 ಡಾಲರ್ ಕೊಟ್ಟ. ಷರತ್ತು ಒಂದೇ: ಹದಿನೆಂಟು ತುಂಬುವವರೆಗೆ ಹುಡುಗ ಸಾರ್ವಜನಿಕವಾಗಿ ನುಡಿಸಕೂಡದು. ವಯಸ್ಸು ಇಳಿಸಿ ಕಾಸು ಮಾಡುವ ಲೋಕದಲ್ಲಿ, ವಯಸ್ಸಿಗೆ ಬರಲಿ ಎಂದು ಒಬ್ಬ ಕಾಸು ಕೊಟ್ಟಿದ್ದ.

ಕುಟುಂಬ ಬರ್ಲಿನ್‌ ಕಡೆಗೆ ಹೋಯಿತು. ಹುಡುಗ ಪಿಯಾನೊ, ಸಂಯೋಜನೆಗಳ ಜತೆಗೆ ಗಣಿತ, ವಿಜ್ಞಾನವನ್ನೂ ಕಲಿತ. ಯಂತ್ರಗಳ ಹುಚ್ಚು ಹತ್ತಿತು. 1892ರಲ್ಲಿ ರುಬಿನ್‌ಸ್ಟೈನ್ ಅವನನ್ನು ಶಿಷ್ಯನನ್ನಾಗಿ ಒಪ್ಪಿಕೊಂಡ.

ಆ ಪಾಠಗಳ ಬಗೆಯನ್ನು ಹಾಫ್‌ಮನ್ ಮುಂದೆ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಬರ್ಲಿನ್‌ನಿಂದ ಡ್ರೆಸ್ಡನ್‌ಗೆ ರೈಲಿನಲ್ಲಿ ಹೋಗಬೇಕು. ಗುರುವಿನ ವಾಸ ಅಲ್ಲಿನ ಒಂದು ಹೋಟೆಲಿನಲ್ಲಿ. ಒಮ್ಮೆ ಪಾಠವಾದ ಕೃತಿಯನ್ನು ಮತ್ತೆ ತರುವಂತಿಲ್ಲ. ಹಿಂದಿನ ಸಲ ಏನು ಹೇಳಿದ್ದೆನೆಂಬುದು ಮರೆತು, ಈಗ ಬೇರೆಯದೇ ಹೇಳಿ ನಿನ್ನನ್ನು ಗೊಂದಲಕ್ಕೆ ಕೆಡವಿಯೇನು ಎಂಬುದು ಗುರುವಿನ ಸಬೂಬು. ಶಿಷ್ಯ ನುಡಿಸುತ್ತಿರುವಷ್ಟು ಹೊತ್ತೂ ಗುರುವಿನ ಕಣ್ಣು ಅಚ್ಚಿನ ಹಾಳೆಯ ಮೇಲೆ. ಒಂದು ಸ್ವರ ಆಚೀಚೆಯಾದರೂ ಬಿಡುತ್ತಿರಲಿಲ್ಲ. ತಾವೇ ಕಛೇರಿಯಲ್ಲಿ ಹಾಳೆಯಲ್ಲಿದ್ದಂತೆ ನುಡಿಸುವುದಿಲ್ಲವಲ್ಲ ಎಂದು ಶಿಷ್ಯ ಮೆಲ್ಲಗೆ ಕೇಳಿದ್ದಕ್ಕೆ, ನನ್ನಷ್ಟು ವಯಸ್ಸಾದ ಮೇಲೆ ನೀನೂ ಹಾಗೆ ಮಾಡಬಹುದು, ಕೈಲಾದರೆ ಎಂಬ ಅರ್ಥದ ಉತ್ತರ ಬಂತು.

ಹದಿನೆಂಟು ತುಂಬಿತು. 1894ರ ಮಾರ್ಚ್ 14ರಂದು ಹ್ಯಾಂಬರ್ಗ್‌ನಲ್ಲಿ ಹಾಫ್‌ಮನ್ ಮತ್ತೆ ವೇದಿಕೆಗೆ ಬಂದ. ನುಡಿಸಿದ್ದು ರುಬಿನ್‌ಸ್ಟೈನ್‌ನ ಡಿ ಮೈನರ್ ಕಾನ್ಚೆರ್ಟೊ. ಆರ್ಕೆಸ್ಟ್ರಾ ನಡೆಸಿದವನೂ ರುಬಿನ್‌ಸ್ಟೈನೇ. ಕಲಿಸುವುದು ಮುಗಿಯಿತೆಂದು ಗುರು ಹೇಳಿಬಿಟ್ಟ. ಅವರು ಮತ್ತೆ ಭೇಟಿಯಾಗಲಿಲ್ಲ. ನವೆಂಬರ್‌ನಲ್ಲಿ ರುಬಿನ್‌ಸ್ಟೈನ್ ತೀರಿಕೊಂಡ ಸುದ್ದಿ ತಲುಪಿದಾಗ ಹಾಫ್‌ಮನ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ನುಡಿಸಲು ಹೊರಟಿದ್ದ. ಆ ದಿನದ ಪಟ್ಟಿಯಲ್ಲಿ ಶೋಪಾನ್‌ನ ಬಿ ಫ್ಲ್ಯಾಟ್ ಮೈನರ್ ಸೊನಾಟಾ ಇತ್ತು. ಅದರ ಶವಯಾತ್ರೆಯ ಭಾಗ ಶುರುವಾಗುತ್ತಿದ್ದಂತೆ ಸಭೆಗೆ ಸಭೆಯೇ ಎದ್ದು ತಲೆತಗ್ಗಿಸಿ ನಿಂತಿತೆಂದು ಅವನು ಬರೆದಿದ್ದಾನೆ.

ನಂತರದ ನಾಲ್ಕು ದಶಕ ಹಾಫ್‌ಮನ್ ಜಗತ್ತಿನ ಮುಂಚೂಣಿಯ ವಾದಕರಲ್ಲಿ ಒಬ್ಬ. ಸಂಯೋಜಕ ರಖ್ಮಾನಿನೊವ್ 1909ರ ತನ್ನ ಮೂರನೇ ಕಾನ್ಚೆರ್ಟೊವನ್ನು ಅವನಿಗೇ ಅರ್ಪಿಸಿದ. ಹಾಫ್‌ಮನ್ ಮಾತ್ರ ಅದನ್ನು ಒಮ್ಮೆಯೂ ವೇದಿಕೆಯಲ್ಲಿ ನುಡಿಸಲಿಲ್ಲ. ಅವನ ಅಂಗೈ ಚಿಕ್ಕದು. ಅದಕ್ಕೆ ಒಗ್ಗುವಂತೆ ಸ್ಟೈನ್‌ವೇ ಕಂಪನಿ ಕೀಲಿಗಳ ಅಗಲ ತುಸು ಕಿರಿದಾಗಿಸಿ ಪಿಯಾನೊ ಮಾಡಿಕೊಟ್ಟಿತ್ತು. ಯಂತ್ರದ ಹುಚ್ಚೂ ಬಿಟ್ಟಿರಲಿಲ್ಲ: ವಾಹನಗಳ ಕುಲುಕಾಟ ತಗ್ಗಿಸುವ ಗಾಳಿಯ ಶಾಕ್ ಅಬ್ಸಾರ್ಬರಿಗೆ ಪಡೆದ ಪೇಟೆಂಟ್ ಅವನಿಗೆ ಒಳ್ಳೆಯ ಹಣವನ್ನೇ ತಂದಿತು.

1927ರಿಂದ 1938ರವರೆಗೆ ಅವನು ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಶಾಲೆಯ ನಿರ್ದೇಶಕ. 1928ರಿಂದ ಅಲ್ಲಿ ಯಾವ ವಿದ್ಯಾರ್ಥಿಯೂ ಶುಲ್ಕ ಕಟ್ಟಬೇಕಿರಲಿಲ್ಲ. ಒಬ್ಬ ಹುಡುಗನಿಗಾಗಿ ಕ್ಲಾರ್ಕ್ ಮಾಡಿದ್ದು ಇಲ್ಲಿ ಒಂದು ಸಂಸ್ಥೆಯ ನಿಯಮವೇ ಆಗಿತ್ತು. 1937ರ ನವೆಂಬರ್ 28ರಂದು, ಅಮೆರಿಕದ ಮೊದಲ ಕಛೇರಿಗೆ ಐವತ್ತು ವರ್ಷ ತುಂಬಿದ್ದಕ್ಕಾಗಿ, ಅದೇ ಮೆಟ್ರೊಪಾಲಿಟನ್‌ನಲ್ಲಿ ಗುರುವಿನ ಅದೇ ಡಿ ಮೈನರ್ ಕಾನ್ಚೆರ್ಟೊ ನುಡಿಸಿದ. ಅದರ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ಕುಡಿತ ಆಮೇಲಿನ ವರ್ಷಗಳನ್ನು ತಿಂದುಹಾಕಿತು. 1946ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಕೊನೆಯ ಏಕವ್ಯಕ್ತಿ ಕಛೇರಿ, 1957ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಾವು.

ಅದೇ ವರ್ಷ ಬಾಲಪ್ರತಿಭೆಯಾಗಿ ಬೆಳೆದ ಇನ್ನೊಬ್ಬ ವಾದಕಿಯ ಆತ್ಮಕಥೆ ಹೊರಬಂತು. ರುತ್ ಸ್ಲೆನ್‌ಚಿನ್ಸ್ಕಾ ಹಾಫ್‌ಮನ್ ಬಳಿಯೂ ಸ್ವಲ್ಪ ಕಾಲ ಕಲಿತವಳು. ಆರನೇ ವಯಸ್ಸಿಗೆ ಬರ್ಲಿನ್‌ನಲ್ಲಿ ಕಛೇರಿ ಕೊಟ್ಟಿದ್ದಳು. ದಿನಕ್ಕೆ ಒಂಬತ್ತು ಗಂಟೆಯ ಅಭ್ಯಾಸ, ಸ್ವರ ತಪ್ಪಿದರೆ ಅಪ್ಪನ ಏಟು: ಪುಸ್ತಕದಲ್ಲಿ ಅವಳು ಹೇಳಿಕೊಂಡ ಬಾಲ್ಯ ಅದು. ಅವಳಿಗೆ ಯಾವ ಕ್ಲಾರ್ಕನೂ ಸಿಗಲಿಲ್ಲ. ಹದಿನೈದಕ್ಕೆ ತಾನೇ ವೇದಿಕೆ ಬಿಟ್ಟು ನಡೆದಳು, ಕಾಲೇಜು ಸೇರಿದಳು, ವರ್ಷಗಳ ನಂತರ ತಾನಾಗಿಯೇ ಪಿಯಾನೊಗೆ ಮರಳಿದಳು. 2022ರಲ್ಲಿ ಡೆಕ್ಕಾ ಕಂಪನಿ ಅವಳ ಹೊಸ ಆಲ್ಬಮ್ ಬಿಡುಗಡೆ ಮಾಡಿದಾಗ ಅವಳಿಗೆ 97 ವರ್ಷ.