ನೆಟ್ಟಿನ ಬಳಿಗೆ ದಾರಿ

ಟೆನ್ನಿಸ್ ಆಟಗಾರನು ಹಿಂದಿನ ಗೆರೆಯನ್ನು ಬಿಟ್ಟು ನೆಟ್ಟಿನತ್ತ ಧಾವಿಸುವುದು ನೋಡುವವರಿಗೆ ಬರಿಯ ಸಾಹಸವೆಂದು ತೋರಬಹುದು. ಆದರೆ ಅದರ ಹಿಂದೆ ಒಂದು ಲೆಕ್ಕವಿದೆ. ಆ ಲೆಕ್ಕಕ್ಕೆ ಇತಿಹಾಸವೂ ಇದೆ.

1877ರಲ್ಲಿ ಮೊದಲ ವಿಂಬಲ್ಡನ್ ಪಂದ್ಯಾವಳಿ ನಡೆದಾಗ ನೆಟ್ಟಿನ ಎತ್ತರ ಕಂಬಗಳ ಬಳಿ 5 ಅಡಿ, ನಡುವೆ 3 ಅಡಿ 3 ಅಂಗುಲ. ಪಕ್ಕದ ಗೆರೆಗುಂಟ ಚೆಂಡು ದಾಟಿಸುವುದು ಕಷ್ಟವಾದ್ದರಿಂದ ಆಟಗಾರರು ನಡುವಿನ ತಗ್ಗಿನ ಮೇಲೆಯೇ ಹೊಡೆಯುತ್ತಿದ್ದರು. ಸ್ಪೆನ್ಸರ್ ಗೋರ್ ಮುಂದೆ ಬಂದು ನಿಂತು, ಚೆಂಡು ನೆಲ ಮುಟ್ಟುವ ಮೊದಲೇ ವಾಲಿ ಹೊಡೆದು ಪ್ರಶಸ್ತಿ ಗೆದ್ದನು. ಮರುವರ್ಷ ಸಿಲೋನಿನ ಪ್ಲಾಂಟರ್ ಫ್ರಾಂಕ್ ಹ್ಯಾಡೊ ಅವನ ತಲೆಯ ಮೇಲಿಂದ ಲಾಬ್ ಎತ್ತಿ ಸೋಲಿಸಿದನು. ಲಾಬಿಗೆ ಉತ್ತರವಾಗಿ ವಿಲಿಯಂ ರೆನ್‌ಶಾ 1880ರ ದಶಕದಲ್ಲಿ ಸ್ಮ್ಯಾಷ್ ಹೊಡೆತವನ್ನು ಬೆಳೆಸಿದನು.

ಅಷ್ಟರಲ್ಲಿ ಕಂಬಗಳ ಬಳಿ ನೆಟ್ 3½ ಅಡಿಗೆ ಇಳಿದು, ಪಕ್ಕದ ದಾರಿ ತೆರೆಯಿತು. ಇನ್ನು ಸುಮ್ಮನೆ ಮುಂದೆ ಹೋದರೆ ಸಾಲದು. ಹೋಗುವ ಮುನ್ನ ಎದುರಾಳಿಯನ್ನು ಇಕ್ಕಟ್ಟಿಗೆ ಸಿಲುಕಿಸುವ ಹೊಡೆತ ಬೇಕಾಯಿತು. ಅದೇ ಅಪ್ರೋಚ್ ಶಾಟ್.

1947ರ ವಿಂಬಲ್ಡನ್ ವಿಜೇತ, ಅಮೆರಿಕದ ಜ್ಯಾಕ್ ಕ್ರೇಮರ್ ನೆಟ್ಟಿನ ಆಟವನ್ನು ಲೆಕ್ಕಾಚಾರದ ಆಟವಾಗಿಸಿದನು. ಚೆಂಡನ್ನು ಪಕ್ಕದ ಗೆರೆಗುಂಟ ಆಳಕ್ಕೆ ಕಳುಹಿಸಿ ಅದರ ಹಿಂದೆಯೇ ಸಾಗಿದರೆ, ಉತ್ತರ ಬರಬಹುದಾದ ಕೋನದ ನಡುವೆ ನಿಲ್ಲಲು ಕೆಲವೇ ಹೆಜ್ಜೆ ಸಾಕು. ಓರೆಯಾಗಿ ಹೊಡೆದರೆ ಅಂಗಳವನ್ನು ಅಡ್ಡ ದಾಟಬೇಕು. ಚೆಂಡು ತಗ್ಗಾಗಿ ಪುಟಿದರೆ ಎದುರಾಳಿ ಅದನ್ನು ಮೇಲೆತ್ತಲೇಬೇಕು. ಅವನು ಹೊಡೆಯುವ ಕ್ಷಣಕ್ಕೆ ಓಟ ತಡೆದು, ಎರಡೂ ಕಾಲುಗಳ ಮೇಲೆ ಸಮನಾಗಿ ನಿಂತವನು ಯಾವ ಕಡೆಗಾದರೂ ತಿರುಗಬಲ್ಲ. ರಭಸಕ್ಕಿಂತ ಕೈಚಳಕವನ್ನೇ ನಂಬಿದ ನಮ್ಮ ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದರು.

2001ರಲ್ಲಿ ವಿಂಬಲ್ಡನ್ನಿನ ಹುಲ್ಲಿನ ತಳಿ ಬದಲಾಯಿತು. ಚೆಂಡು ಹೆಚ್ಚು ಎತ್ತರಕ್ಕೆ ಪುಟಿಯತೊಡಗಿತು. ಹೊಸ ಬಗೆಯ ತಂತಿಗಳು ಚೆಂಡಿಗೆ ಹೆಚ್ಚು ತಿರುಗು ಕೊಟ್ಟವು. ಮುಂದೆ ಬಂದವನನ್ನು ದಾಟಿಸಿ ಹೊಡೆಯುವುದು ಸುಲಭವಾಗಿ, ಸಿಂಗಲ್ಸ್‌ನಲ್ಲಿ ಈ ಕಲೆ ಸೊರಗಿತು.

ಆದರೆ ಡಬಲ್ಸ್‌ನಲ್ಲಿ ಅದು ಬದುಕಿದೆ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಓಟದ ವೇಗ ಕುಂದುವ ವಯಸ್ಸಿನಲ್ಲಿ ಎಲ್ಲಿ ನಿಲ್ಲಬೇಕೆಂಬ ತಿಳಿವಳಿಕೆ ಕೈಹಿಡಿಯುತ್ತದೆ.

ಮಕ್ಕಳನ್ನು ಟೆನ್ನಿಸಿಗೆ ಕಳುಹಿಸುವ ಪೋಷಕರು ಗೋರನ ಧೈರ್ಯದೊಡನೆ ಹ್ಯಾಡೊ ಕಲಿಸಿದ ಪಾಠವನ್ನೂ ಅವರಿಗೆ ಹೇಳಬೇಕು: ಮೊದಲು ಚೆಂಡನ್ನು ಆಳಕ್ಕೆ ಕಳುಹಿಸು, ಆಮೇಲೆ ನೀನು ಹೋಗು.